ಕಡ್ಡಿಪುಡಿ ಬಿಡಿಸುವ ಅಧ್ಯಯನ: ಯಾವ ಸಿದ್ಧಾಂತ ಹಿಡಿಯಬೇಕು, ಬದಲಾವಣೆಯನ್ನು ಅಳೆಯುವುದು ಹೇಗೆ?

ಮೊದಲ ಮಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಮುದಾಯ ಆರೋಗ್ಯ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ದಾವಣಗೆರೆ ಸುತ್ತಮುತ್ತ ಭತ್ತದ ಗದ್ದೆಗಳಲ್ಲಿ ನಾಟಿ, ಕಳೆ ಕೀಳುವ ಕೂಲಿಗೆ ಹೋಗುವ ಹೆಂಗಸರಿಗೆ ಕಡ್ಡಿಪುಡಿ, ಹೊಗೆಸೊಪ್ಪು ಬಿಡಲು ನೆರವಾಗುವುದು ನನ್ನ ಪ್ರಬಂಧದ ವಿಷಯ. ಮಾರ್ಗದರ್ಶಕರ ಸೂಚನೆ ಇದು: ಆರೋಗ್ಯ ನಂಬಿಕೆ ಮಾದರಿಯನ್ನು (ರೋಗದ ಅಪಾಯ, ಕ್ರಮದ ಪ್ರಯೋಜನ, ಅಡ್ಡಿಗಳ ಬಗ್ಗೆ ಜನರಿಗಿರುವ ನಂಬಿಕೆಯಿಂದ ಅವರ ನಡವಳಿಕೆಯನ್ನು ವಿವರಿಸುವ ಸಿದ್ಧಾಂತ) ತೆಗೆದುಕೊಳ್ಳಿ, ಐದು ಅಂಕಗಳ ಮಾಪಕದಲ್ಲಿ ಪ್ರಶ್ನಾವಳಿ ಮಾಡಿ, ಚಿತ್ರಪಟ ತೋರಿಸಿ ಒಂದು ಗಂಟೆ ತಿಳಿವಳಿಕೆ ಕೊಡಿ, ಏಳನೆಯ ದಿನ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಡಿ. ಅಂಕ ಏರಿದ್ದರೆ ಕಾರ್ಯಕ್ರಮ ಪರಿಣಾಮಕಾರಿ ಎಂದು ಬರೆಯಬೇಕು.

ಗ್ರಂಥಾಲಯದಲ್ಲಿ ನಾನು ತೆರೆದು ನೋಡಿದ ಹಳೆಯ ಪ್ರಬಂಧಗಳೆಲ್ಲ ಇದೇ ಅಚ್ಚಿನವು. ಎಲ್ಲದರಲ್ಲೂ ಅಂಕ ಏರಿದೆ. ಎಷ್ಟು ಜನ ತಂಬಾಕು ಬಿಟ್ಟರು ಎಂಬ ಸಾಲು ಮಾತ್ರ ಒಂದರಲ್ಲೂ ಸಿಗಲಿಲ್ಲ. ಸಿದ್ಧಾಂತವನ್ನು ಯಾಕೆ ಆರಿಸುತ್ತೇವೆ, ಆರಿಸಿದ ಮೇಲೆ ಏನನ್ನು ಅಳೆಯಬೇಕು ಎಂಬುದೇ ನನಗೆ ಸ್ಪಷ್ಟವಾಗುತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

---

ಹಳೆಯ ಕಡತ (ನಿವೃತ್ತ ಆರೋಗ್ಯ ಶಿಕ್ಷಣಾಧಿಕಾರಿ)

ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆಯಮ್ಮ. ಆರೋಗ್ಯ ನಂಬಿಕೆ ಮಾದರಿ ಹುಟ್ಟಿದ ಕಥೆಯನ್ನು ನೋಡಿದರೆ, ಇವತ್ತು ನಮ್ಮಲ್ಲಿ ಅದನ್ನು ಬಳಸುವ ರೀತಿ ಎಷ್ಟು ದೂರ ಸರಿದಿದೆ ಎಂಬುದು ಗೊತ್ತಾಗುತ್ತದೆ.

1950ರ ದಶಕದ ಅಮೆರಿಕ. ಕ್ಷಯ ಪತ್ತೆ ಮಾಡಲು ಎಕ್ಸ್‌ರೇ ವ್ಯಾನುಗಳು ಬಡಾವಣೆಗಳಿಗೇ ಬರುತ್ತಿದ್ದವು. ದುಡ್ಡು ಕೊಡಬೇಕಿರಲಿಲ್ಲ. ಆದರೂ ಸಾಕಷ್ಟು ಜನ ಹತ್ತಿರ ಸುಳಿಯುತ್ತಿರಲಿಲ್ಲ. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿದ್ದ ಗಾಡ್‌ಫ್ರಿ ಹಾಕ್‌ಬಾಮ್ ಎಂಬ ಸಾಮಾಜಿಕ ಮನಶ್ಶಾಸ್ತ್ರಜ್ಞರು ಮೂರು ನಗರಗಳಲ್ಲಿ 1,200ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದರು. ನನಗೂ ಕ್ಷಯ ಬರಬಹುದು ಎಂಬ ನಂಬಿಕೆ ಇದೆಯೇ, ಬೇಗ ಪತ್ತೆಯಾದರೆ ಪ್ರಯೋಜನವಿದೆ ಎಂಬ ನಂಬಿಕೆ ಇದೆಯೇ ಎಂದು ಕೇಳಿದರು. ಎರಡೂ ಇದ್ದವರಲ್ಲಿ ಶೇ 82ರಷ್ಟು ಜನ ಸ್ವಂತ ಇಚ್ಛೆಯಿಂದ ಒಮ್ಮೆಯಾದರೂ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ ಶೇ 21 ಮಾತ್ರ. ವರದಿ ಪ್ರಕಟವಾದದ್ದು 1958ರಲ್ಲಿ.

ಇಲ್ಲಿ ಎರಡು ಸಂಗತಿ ಗಮನಿಸು. ಹಾಕ್‌ಬಾಮ್ ನಂಬಿಕೆಯ ಅಂಕವನ್ನೇ ಫಲಿತಾಂಶ ಎಂದು ಕರೆಯಲಿಲ್ಲ. ನಂಬಿಕೆ ಒಂದು ಅಂಕಣದಲ್ಲಿತ್ತು, ಎಕ್ಸ್‌ರೇ ತೆಗೆಸಿಕೊಂಡರೇ ಎಂಬುದು ಇನ್ನೊಂದರಲ್ಲಿತ್ತು. ನಿಮ್ಮ ಗ್ರಂಥಾಲಯದ ಪ್ರಬಂಧಗಳಲ್ಲಿ ಎರಡನೆಯ ಅಂಕಣವೇ ಮಾಯವಾಗಿದೆ. ಇನ್ನೊಂದು, ಎಕ್ಸ್‌ರೇ ಎಂದರೆ ಒಂದು ಸಲ ಎದ್ದು ಹೋಗಿ ಬರುವ ಕೆಲಸ. ಕಡ್ಡಿಪುಡಿ ಬಿಡುವುದು ದಿನಕ್ಕೆ ಹತ್ತಾರು ಬಾರಿ ಮಾಡಬೇಕಾದ ಕೆಲಸ. ಈ ಕೊರತೆಯನ್ನು ಮಾದರಿ ಕಟ್ಟಿದವರೇ ಕಂಡುಕೊಂಡರು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮುಂದಿಟ್ಟಿದ್ದ ಸ್ವಸಾಮರ್ಥ್ಯದ ನಂಬಿಕೆಯನ್ನು, ಅಂದರೆ ಇದನ್ನು ನಾನು ಮಾಡಬಲ್ಲೆ ಎಂಬ ಭರವಸೆಯನ್ನು, 1988ರಲ್ಲಿ ರೋಸೆನ್‌ಸ್ಟಾಕ್ ಮತ್ತು ಸಂಗಡಿಗರು ಮಾದರಿಗೆ ಸೇರಿಸಿದರು. ನಿನ್ನ ಮಾರ್ಗದರ್ಶಕರು ಹೇಳಿದ ಮಾದರಿಯಲ್ಲಿ ಅದಿದೆಯೇ ನೋಡು.

---

ಅಳತೆಗೋಲು (ಮನಶ್ಶಾಸ್ತ್ರ ಅಧ್ಯಾಪಕ)

ಹಿರಿಯರ ಮಾತಿಗೆ ಅಳತೆಯ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ಈ ಭಾಗವನ್ನು ಅವಸರದಲ್ಲಿ ದಾಟಿದ್ದರಿಂದಲೇ ನಮ್ಮಲ್ಲಿ ಅನೇಕ ಅಧ್ಯಯನಗಳು ಕೆಟ್ಟಿವೆ.

ಅಪಾಯದ ಗ್ರಹಿಕೆಯನ್ನೇ ತೆಗೆದುಕೊಳ್ಳಿ. "ನಿಮಗೆ ಬಾಯಿ ಕ್ಯಾನ್ಸರ್ ಬರುವ ಸಾಧ್ಯತೆ ಎಷ್ಟು?" ಎಂದು ಎಲ್ಲರನ್ನೂ ಕೇಳುತ್ತೇವೆ. ದಿನವಿಡೀ ಕಡ್ಡಿಪುಡಿ ಹಾಕುವವರು "ಹೆಚ್ಚು" ಎನ್ನುತ್ತಾರೆ. ಎಂದೂ ಮುಟ್ಟದವರು "ಕಡಿಮೆ" ಎನ್ನುತ್ತಾರೆ. ಇಬ್ಬರೂ ಹೇಳಿದ್ದು ನಿಜವೇ. ಆದರೆ ಲೆಕ್ಕ ಹಾಕಿದಾಗ, ಅಪಾಯದ ಅರಿವು ಹೆಚ್ಚಿದಷ್ಟೂ ತಂಬಾಕಿನ ಬಳಕೆ ಹೆಚ್ಚು ಎಂಬ ಉತ್ತರ ಬರುತ್ತದೆ. ಸಿದ್ಧಾಂತ ಹೇಳುವುದಕ್ಕೆ ತದ್ವಿರುದ್ಧ! ನಂಬಿಕೆಯನ್ನೂ ನಡವಳಿಕೆಯನ್ನೂ ಒಂದೇ ದಿನ ಅಳೆದಾಗ, ನಂಬಿಕೆ ನಡವಳಿಕೆಯನ್ನು ತಿದ್ದಿತೋ, ತಮ್ಮ ನಡವಳಿಕೆಯನ್ನು ನೋಡಿಕೊಂಡು ಜನ ನಂಬಿಕೆಯನ್ನು ಹೊಂದಿಸಿಕೊಂಡರೋ ಹೇಳಲಾಗುವುದಿಲ್ಲ. ಅಮೆರಿಕದ ನೀಲ್ ವೈನ್‌ಸ್ಟೈನ್ ಈ ದೋಷವನ್ನು ವರ್ಷಗಟ್ಟಲೆ ಎತ್ತಿ ತೋರಿಸಿದರು. ಇಂತಹ ಪರೀಕ್ಷೆಗಳು ಸಿದ್ಧಾಂತದ ಬಗ್ಗೆ ತಪ್ಪು ಭರವಸೆ ಕೊಡುತ್ತವೆ ಎಂದು 2007ರಲ್ಲಿ ಕಟುವಾಗಿಯೇ ಬರೆದರು.

ಪರಿಹಾರ ಕಷ್ಟದ್ದಲ್ಲ. ಪ್ರಶ್ನೆಗೆ ಷರತ್ತು ಸೇರಿಸಿ. "ಈಗ ಹಾಕುತ್ತಿರುವಷ್ಟೇ ಹಾಕುತ್ತಾ ಹೋದರೆ ಮುಂದಿನ ಹತ್ತು ವರ್ಷಗಳಲ್ಲಿ ಬಾಯಿ ಹುಣ್ಣು ಕ್ಯಾನ್ಸರ್ ಆಗುವ ಸಾಧ್ಯತೆ ಎಷ್ಟು? ಈ ತಿಂಗಳೇ ಬಿಟ್ಟರೆ ಎಷ್ಟು?" ಮಾದರಿಗೆ ಬೇಕಾದದ್ದು ಈ ಎರಡು ಉತ್ತರಗಳ ನಡುವಿನ ಅಂತರ. ಜೊತೆಗೆ ನಂಬಿಕೆಯನ್ನು ಇವತ್ತು ಅಳೆದು, ನಡವಳಿಕೆಯನ್ನು ತಿಂಗಳುಗಳು ಕಳೆದ ಮೇಲೆ ಅಳೆಯಬೇಕು.

ಎರಡನೆಯದು, ಪ್ರಶ್ನೆಯ ಹದ. ಫಿಶ್‌ಬೈನ್ ಮತ್ತು ಅಜೆನ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನು ಹೇಳಿದ್ದರು. ಯಾವ ಕ್ರಿಯೆ, ಯಾವುದರ ಮೇಲೆ, ಯಾವ ಸಂದರ್ಭದಲ್ಲಿ, ಯಾವ ಅವಧಿಯಲ್ಲಿ: ಈ ನಾಲ್ಕೂ ನಂಬಿಕೆಯ ಪ್ರಶ್ನೆಯಲ್ಲಿ ಹೇಗಿವೆಯೋ ನಡವಳಿಕೆಯ ಪ್ರಶ್ನೆಯಲ್ಲೂ ಹಾಗೆಯೇ ಇರಬೇಕು. "ತಂಬಾಕು ಆರೋಗ್ಯಕ್ಕೆ ಹಾನಿಕರ ಎಂದು ಒಪ್ಪುತ್ತೀರಾ?" ಎಂದು ಕೇಳಿ ಗದ್ದೆಯ ಬದುವಿನ ಮೇಲೆ ನಡೆಯುವುದನ್ನು ಊಹಿಸಲು ಹೋದರೆ ಏನೂ ಸಿಗದು. "ಮುಂದಿನ ಒಂದು ವಾರ, ಕೂಲಿ ಕೆಲಸದ ವೇಳೆಯಲ್ಲಿ, ಕಡ್ಡಿಪುಡಿ ಹಾಕದೆ ಇರುವುದು ನಿಮಗೆ ಎಷ್ಟು ಕಷ್ಟ?" ಎಂದು ಕೇಳಿದರೆ ಉತ್ತರದಲ್ಲಿ ಹುರುಳಿರುತ್ತದೆ.

ಇನ್ನು ಕ್ರಾನ್‌ಬಾಕ್ ಆಲ್ಫಾ. ಮಾಪಕದ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಈ ಅಂಕಿ 0.7 ದಾಟಿತು, ಆದ್ದರಿಂದ ಮಾಪಕ ವಿಶ್ವಾಸಾರ್ಹ ಎಂಬ ವಾಕ್ಯ ಪ್ರಬಂಧದಿಂದ ಪ್ರಬಂಧಕ್ಕೆ ನಕಲಾಗುತ್ತಿದೆ. ತಂಬಾಕು ಕೆಟ್ಟದ್ದು, ತಂಬಾಕು ಒಳ್ಳೆಯದಲ್ಲ, ತಂಬಾಕಿನಿಂದ ಹಾನಿಯಿದೆ ಎಂದು ಒಂದೇ ಮಾತನ್ನು ಮೂರು ಬಾರಿ ಕೇಳಿದರೆ ಆಲ್ಫಾ ಏರದೆ ಇನ್ನೇನಾಗುತ್ತದೆ? ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ನೀವು ಅಳೆಯಬೇಕೆಂದದ್ದನ್ನೇ ಅಳೆಯುತ್ತಿದ್ದೀರಿ ಎಂಬುದಕ್ಕೆ ಅದು ಸಾಕ್ಷಿಯಲ್ಲ.

---

ಹೊಲದ ಬದು (ಆಶಾ ಮೇಲ್ವಿಚಾರಕಿ)

ಸರ್ ಹೇಳಿದ್ದು ದೊಡ್ಡ ವಿಷಯ. ನಾನು ಊರಿನಲ್ಲಿ ಕಂಡದ್ದನ್ನು ಹೇಳುತ್ತೇನೆ.

ಹೆಂಗಸರು ಕಡ್ಡಿಪುಡಿ ಹಾಕುವುದು ಕ್ಯಾನ್ಸರ್ ಗೊತ್ತಿಲ್ಲದೆ ಅಲ್ಲ. ಪೊಟ್ಟಣದ ಮೇಲಿನ ಚಿತ್ರ ಎಲ್ಲರೂ ನೋಡಿದ್ದಾರೆ. ಬೆಳಿಗ್ಗೆ ಬೇಗ ಮನೆ ಬಿಟ್ಟರೆ ಬುತ್ತಿ ಬಿಚ್ಚುವುದು ಮಧ್ಯಾಹ್ನ, ಅಲ್ಲಿಯ ತನಕ ಹಸಿವು ತಡೆಯಲು ಹಾಕುತ್ತಾರೆ. ಹಲ್ಲು ನೋವಿಗೆ ಹಾಕುತ್ತಾರೆ, ಏಕೆಂದರೆ ಹಲ್ಲಿನ ಡಾಕ್ಟರು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾರೆ ಮತ್ತು ಅಲ್ಲಿಗೆ ಹೋದ ದಿನ ಕೂಲಿ ಇಲ್ಲ. ಅದಿಲ್ಲದೆ ಬೆಳಿಗ್ಗೆ ಹೊಟ್ಟೆ ಸಾಫ್ ಆಗುವುದಿಲ್ಲ ಎನ್ನುವವರೂ ತುಂಬಾ ಇದ್ದಾರೆ. ನಾಟಿ ಮಾಡುವಾಗ ಸಾಲಿನಲ್ಲಿ ಒಬ್ಬರು ಸಂಚಿ ಬಿಚ್ಚಿದರೆ ಅದು ಎಲ್ಲರ ಕೈಗೂ ಹೋಗುತ್ತದೆ. ಬೇಡ ಎಂದವಳನ್ನು ಜಂಬದವಳು ಎನ್ನುತ್ತಾರೆ.

ಮತ್ತೆ ನಮ್ಮ ಕೈಯಲ್ಲಿ ಡೈರಿ ಕಂಡರೆ ಎಲ್ಲರೂ "ಬಿಟ್ಟಿದ್ದೇನೆ ಅಕ್ಕ" ಎನ್ನುತ್ತಾರೆ. ನಮ್ಮ ಮೇಲಿನ ಪ್ರೀತಿಗೆ ಹೇಳುತ್ತಾರೆ, ಮೋಸಕ್ಕಲ್ಲ. ಐದು ಅಂಕದ ಮಾಪಕ ಹಿಡಿದು "ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ" ಎಂದು ಓದಿದರೆ ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಬೇಗ ಮುಗಿದರೆ ಒಲೆಯ ಮುಂದೆ ಹೋಗಬಹುದಲ್ಲ.

---

ಅಳತೆಗೋಲು

ಅಕ್ಕ ಈಗ ಬರೆದದ್ದೇ ಸ್ವಸಾಮರ್ಥ್ಯದ ಮಾಪಕ! ಮೊದಲ ಮಳೆ ಅವರೇ, ದಯವಿಟ್ಟು ಇದನ್ನು ಎತ್ತಿಟ್ಟುಕೊಳ್ಳಿ. ಇಂತಹ ಮಾಪಕ ಕಟ್ಟುವ ಬಗ್ಗೆ ಬಂಡೂರಾ 2006ರಲ್ಲಿ ಒಂದು ಕೈಪಿಡಿ ಬರೆದರು. ಅದರ ಸಾರ ಇಷ್ಟೇ: "ಬಿಡಬಲ್ಲಿರಾ?" ಎಂದು ಬರಿದೇ ಕೇಳಬೇಡಿ, ಅಡ್ಡಿಗಳನ್ನು ಸುಲಭದಿಂದ ಕಠಿಣದವರೆಗೆ ಇಟ್ಟು ಒಂದೊಂದರ ಎದುರಿಗೂ ಭರವಸೆ ಎಷ್ಟಿದೆ ಎಂದು 0ಯಿಂದ 100ರವರೆಗೆ ಕೇಳಿ. ಸಾಲಿನಲ್ಲಿ ಸಂಚಿ ಬಂದಾಗ, ಹಲ್ಲು ನೋವು ಬಂದಾಗ, ಬುತ್ತಿ ತಡವಾದಾಗ, ಬೆಳಿಗ್ಗೆ ಎದ್ದ ಕೂಡಲೇ. ಈ ಅಡ್ಡಿಗಳು ಪುಸ್ತಕದಿಂದ ಬರಬಾರದು, ಅಲ್ಲಿನ ಹೆಂಗಸರ ಬಾಯಿಂದಲೇ ಬರಬೇಕು. ಆದ್ದರಿಂದ ಪ್ರಶ್ನಾವಳಿಗೆ ಮೊದಲು ಕೂತು ಮಾತನಾಡುವ ಹಂತ ಒಂದು ಬೇಕೇ ಬೇಕು. ಅಂಕಿಯ ಬದಲು ಹತ್ತು ಹುಣಸೆ ಬೀಜ ಕೊಟ್ಟು, ಭರವಸೆ ಇದ್ದಷ್ಟು ಬೀಜ ಮುಂದಿಡಿ ಎಂದು ಹೇಳಬಹುದು. ಹೂಂಗುಟ್ಟುವ ಅಭ್ಯಾಸವೂ ಇದರಿಂದ ತಗ್ಗುತ್ತದೆ, ಏಕೆಂದರೆ ಬೀಜ ಎಣಿಸಲು ಒಂದು ಕ್ಷಣ ಯೋಚಿಸಲೇಬೇಕು.

---

ಮೊದಲ ಮಳೆ

ಎಲ್ಲರಿಗೂ ಧನ್ಯವಾದ. ಇನ್ನೊಂದು ಗೊಂದಲ. ನನ್ನ ಸಹಪಾಠಿ ಹಂತಗಳ ಮಾದರಿಯನ್ನು ಬಳಸುತ್ತಿದ್ದಾಳೆ. ಯೋಚನೆಯೇ ಇಲ್ಲದ ಹಂತ, ಯೋಚಿಸುವ ಹಂತ, ಸಿದ್ಧತೆ, ಕ್ರಿಯೆ, ನಿರ್ವಹಣೆ. ಜನರನ್ನು ಒಂದು ಹಂತದಿಂದ ಮುಂದಿನ ಹಂತಕ್ಕೆ ತಂದರೆ ಅದೂ ಯಶಸ್ಸು ಎನ್ನುತ್ತಾಳೆ. ತಂಬಾಕು ಬಿಟ್ಟವರು ಯಾರೂ ಸಿಗದಿದ್ದರೂ ತೋರಿಸಲು ಏನಾದರೂ ಇರುತ್ತದೆ. ಅದನ್ನು ತೆಗೆದುಕೊಳ್ಳಬಹುದೇ?

---

ಗಡಿಯಾಚೆ (ಇಂಗ್ಲೆಂಡಿನಲ್ಲಿ ಧೂಮಪಾನ ಬಿಡಿಸುವ ಸೇವೆಯಲ್ಲಿ ಕೆಲಸ, ಊರು ಹಾಸನ)

ಬೇಡ ಎನ್ನುತ್ತೇನೆ. ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ 1983ರಲ್ಲಿ, ತಾವಾಗಿಯೇ ಸಿಗರೇಟು ಬಿಡುತ್ತಿದ್ದ 872 ಜನರನ್ನು ನೋಡಿ ಈ ಹಂತಗಳನ್ನು ವಿವರಿಸಿದರು. ಆಮೇಲೆ ಅದು ಜಗತ್ತಿನಾದ್ಯಂತ ಹರಡಿತು. ಆದರೆ ಹಂತ ನಿರ್ಧಾರವಾಗುವುದು ಹೇಗೆ? ಮುಂದಿನ 30 ದಿನಗಳಲ್ಲಿ ಬಿಡುತ್ತೇನೆ ಎಂದರೆ ಸಿದ್ಧತೆ, ಆರು ತಿಂಗಳೊಳಗೆ ಎಂದರೆ ಯೋಚನೆ. 30ನೆಯ ದಿನಕ್ಕೂ 31ನೆಯ ದಿನಕ್ಕೂ ನಡುವೆ ಮನಸ್ಸಿನಲ್ಲಿ ಗೋಡೆ ಎದ್ದಿರುವುದಿಲ್ಲ. ಲಂಡನ್ನಿನ ರಾಬರ್ಟ್ ವೆಸ್ಟ್ 2005ರಲ್ಲಿ ಈ ಮಾದರಿಗೆ ವಿಶ್ರಾಂತಿ ಕೊಡುವ ಕಾಲ ಬಂದಿದೆ ಎಂದೇ ಬರೆದರು. ಯಾವ ಸಿದ್ಧತೆಯೂ ಇಲ್ಲದೆ ಒಂದು ಬೆಳಿಗ್ಗೆ ದಿಢೀರನೆ ಬಿಟ್ಟವರು ನನ್ನ ಮುಂದೆಯೇ ಎಷ್ಟೋ ಜನ ಕೂತಿದ್ದಾರೆ.

ಭಾರತದ ಅಂಕಿಗಳನ್ನೇ ನೋಡಿ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಹೊಗೆರಹಿತ ತಂಬಾಕು ಬಳಸುವವರಲ್ಲಿ ಶೇ 49.6ರಷ್ಟು ಜನ ಬಿಡುವ ಯೋಜನೆ ಅಥವಾ ಯೋಚನೆ ಇದೆ ಎಂದರು. ಹಿಂದಿನ 12 ತಿಂಗಳಲ್ಲಿ ಬಿಡಲು ಪ್ರಯತ್ನಪಟ್ಟವರು ಶೇ 33.2. ನಿಜವಾಗಿ ಬಿಟ್ಟು ಉಳಿದವರ ಸಂಖ್ಯೆ ಅದಕ್ಕಿಂತ ಎಷ್ಟೋ ಕೆಳಗೆ ಎಂಬುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಸಂಕಲ್ಪಕ್ಕೂ ಕ್ರಿಯೆಗೂ ನಡುವಿನ ಈ ಕಂದಕವನ್ನು ವೆಬ್ ಮತ್ತು ಶೀರನ್ 2006ರಲ್ಲಿ 47 ಪ್ರಯೋಗಗಳನ್ನು ಒಟ್ಟುಗೂಡಿಸಿ ಅಳೆದರು. ಸಂಕಲ್ಪದಲ್ಲಿ 0.66ರಷ್ಟು ಬದಲಾವಣೆ ತಂದರೆ ನಡವಳಿಕೆಯಲ್ಲಿ ಕಂಡದ್ದು 0.36. ಎರಡೂ ಪರಿಣಾಮದ ಗಾತ್ರದ ಮಾನಕ ಅಳತೆಗಳು (ಪರಿಣಾಮವೇ ಇಲ್ಲದಿದ್ದರೆ 0), ಹೋಲಿಸಬಹುದು. ಹೆಚ್ಚುಕಡಿಮೆ ಅರ್ಧ ದಾರಿಯಲ್ಲೇ ಕಳೆದುಹೋಯಿತು.

ಕಂದಕ ದಾಟಿಸಲು ಒಂದು ಉಪಾಯವಿದೆ. ಪೀಟರ್ ಗೋಲ್‌ವಿಟ್ಸರ್ ಅವರ "ಹೀಗಾದರೆ ಹೀಗೆ" ಯೋಜನೆ. "ಸಾಲಿನಲ್ಲಿ ಸಂಚಿ ನನ್ನ ಕೈಗೆ ಬಂದರೆ, ಹಾಗೆಯೇ ಮುಂದಿನವರಿಗೆ ದಾಟಿಸಿ ಸೊಂಟದಲ್ಲಿರುವ ಲವಂಗವನ್ನು ಬಾಯಿಗೆ ಹಾಕಿಕೊಳ್ಳುತ್ತೇನೆ." ಸಂದರ್ಭ ಮತ್ತು ಕ್ರಿಯೆ ಎರಡನ್ನೂ ಮೊದಲೇ ಕಟ್ಟಿಡುವುದು. 2006ರಲ್ಲಿ ಅವರೂ ಶೀರನ್ ಅವರೂ ಸೇರಿ 94 ಪರೀಕ್ಷೆಗಳನ್ನು ನೋಡಿದಾಗ ಅದೇ ಅಳತೆಯಲ್ಲಿ ಪರಿಣಾಮ 0.65 ಇತ್ತು.

---

ಹಳೆಯ ಕಡತ

ಗಡಿಯಾಚೆಯವರ ಟೀಕೆಯನ್ನು ಒಪ್ಪುತ್ತೇನೆ, ಆದರೂ ಹಂತಗಳ ಮಾದರಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ಬರುವ ಮುಂಚೆ ನಾವು ಆರೋಗ್ಯ ಶಿಕ್ಷಕರು ಎಲ್ಲರಿಗೂ ಒಂದೇ ಭಾಷಣ ಬಿಗಿಯುತ್ತಿದ್ದೆವು, ಕೇಳದವರನ್ನು ಹಟಮಾರಿಗಳು ಎಂದು ಬಿಟ್ಟುಬಿಡುತ್ತಿದ್ದೆವು. ಎದುರಿಗಿರುವ ವ್ಯಕ್ತಿ ಎಲ್ಲಿದ್ದಾರೆ ಎಂದು ಮೊದಲು ಕೇಳಿ ತಿಳಿಯಬೇಕು ಎಂಬ ಸೌಜನ್ಯವನ್ನು ನಮಗೆ ಕಲಿಸಿದ್ದು ಅದು. ಮಾತಿಗೆ ತೊಡಗಲು ಅದು ಇರಲಿ. ಫಲಿತಾಂಶದ ಕೋಷ್ಟಕದಲ್ಲಿ ಬೇಡ.

---

ಬೆಲೆಪಟ್ಟಿ

ಕ್ಷಮಿಸಿ, ನನಗೆ ಈ ಚರ್ಚೆಯ ಬುಡವೇ ಒಪ್ಪಿಗೆಯಿಲ್ಲ. ಎಲ್ಲ ಸಿದ್ಧಾಂತಗಳೂ ಬದಲಾವಣೆಯ ಹೊರೆಯನ್ನು ಆ ಕೂಲಿ ಹೆಂಗಸಿನ ತಲೆಯ ಮೇಲೇ ಹೊರಿಸುತ್ತವೆ. ಅವಳ ನಂಬಿಕೆ, ಅವಳ ಸಂಕಲ್ಪ, ಅವಳ ಭರವಸೆ. ಪೊಟ್ಟಣ ಮೂರು ಕಾಸಿಗೆ ಪ್ರತಿ ಅಂಗಡಿಯಲ್ಲೂ ನೇತಾಡುತ್ತಿದೆಯಲ್ಲ? ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ಅಂಗಡಿಯಲ್ಲಿ ಜೋಡಿಯಾಗಿ ಮಾರಾಟಕ್ಕೆ ಬಂದವು. ಬೆಲೆ, ತೆರಿಗೆ, ಮಾರಾಟ, ಕೂಲಿ ಸಮಯದ ಊಟ: ಇವುಗಳನ್ನು ಅಳೆಯುವ ಮಾಪಕ ಎಲ್ಲಿದೆ? ರಾಜ್ಯದಲ್ಲಿ ತಂಬಾಕು ಬಳಸುವ ವಯಸ್ಕರ ಪ್ರಮಾಣ 2009-10ರಲ್ಲಿ ಶೇ 28.2 ಇದ್ದದ್ದು 2016-17ಕ್ಕೆ ಶೇ 22.8ಕ್ಕೆ ಇಳಿಯಿತು. ಅದು ಯಾರದೋ ಒಂದು ಗಂಟೆಯ ತಿಳಿವಳಿಕೆಯಿಂದ ಆದದ್ದಲ್ಲ.

---

ಅಳತೆಗೋಲು

ಬೆಲೆಪಟ್ಟಿಯವರ ಸಿಟ್ಟು ನ್ಯಾಯವಾದದ್ದು, ಅದಕ್ಕೆ ಈ ಕ್ಷೇತ್ರದ ಒಳಗೇ ಉತ್ತರ ಹುಡುಕಿದವರಿದ್ದಾರೆ. ಸೂಸನ್ ಮಿಷಿ ಮತ್ತು ಸಂಗಡಿಗರು 2011ರಲ್ಲಿ, ನಡವಳಿಕೆ ಬದಲಿಸಲು ಅದುವರೆಗೆ ಬಳಕೆಯಲ್ಲಿದ್ದ 19 ಚೌಕಟ್ಟುಗಳನ್ನು ಪರಿಶೀಲಿಸಿ ಹೊಸದೊಂದನ್ನು ಮುಂದಿಟ್ಟರು. ನಡವಳಿಕೆಗೆ ಸಾಮರ್ಥ್ಯ, ಅವಕಾಶ, ಪ್ರೇರಣೆ ಮೂರೂ ಬೇಕು ಎಂಬುದು ಅದರ ತಿರುಳು. ಅಂಗಡಿ, ಬೆಲೆ, ಸಾಲಿನಲ್ಲಿ ಹರಿಯುವ ಸಂಚಿ, ದೂರದ ಹಲ್ಲಿನ ಡಾಕ್ಟರು ಇವೆಲ್ಲ ಅವಕಾಶದ ಅಡಿಯಲ್ಲಿ ಬರುತ್ತವೆ. ಅವುಗಳನ್ನು ಅಳೆಯಲು ಅವಳನ್ನು ಪ್ರಶ್ನಿಸಬೇಕಿಲ್ಲ. ಊರಿನಲ್ಲಿ ಎಷ್ಟು ಅಂಗಡಿ, ಪೊಟ್ಟಣದ ದರ ಎಷ್ಟು, ಮೇಸ್ತ್ರಿ ಕೆಲಸದ ನಡುವೆ ತಿನ್ನಲು ಏನು ಕೊಡುತ್ತಾನೆ ಎಂದು ನಾವೇ ನಡೆದು ನೋಡಿ ಬರೆಯಬಹುದು.

ತಿಳಿವಳಿಕೆಯನ್ನು ಬಿಟ್ಟು ಬೇರೆ ದಾರಿ ಹಿಡಿದ ಕೆಲಸವೊಂದು ನಮ್ಮ ಪಕ್ಕದಲ್ಲೇ ನಡೆದಿದೆ. ಕೋಲಾರದ ಗಡಿಗೆ ತಾಗಿದ ಚಿತ್ತೂರು ಜಿಲ್ಲೆಯ 14 ಹಳ್ಳಿಗಳಲ್ಲಿ "ಸೂಪರ್ ಅಮ್ಮ" ಎಂಬ ಕೈ ತೊಳೆಯುವ ಕಾರ್ಯಕ್ರಮ. ಲಂಡನ್ನಿನ ಸಂಶೋಧಕರ ಜೊತೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನದೇ ಒಂದು ವಿನ್ಯಾಸ ಸಂಸ್ಥೆಯೂ ಕೈಜೋಡಿಸಿದ್ದವು. ರೋಗಾಣುವಿನ ಪಾಠ ಮಾಡಲಿಲ್ಲ. ಅಸಹ್ಯ, ತಾಯ್ತನದ ಅಕ್ಕರೆ, ನಾಲ್ಕು ಜನರ ನಡುವಿನ ಗೌರವ ಇವುಗಳನ್ನು ತಟ್ಟಿದರು. ಫಲಿತಾಂಶಕ್ಕೆ ಅವರು ನೆಚ್ಚಿದ್ದು ಪ್ರಶ್ನಾವಳಿಯನ್ನಲ್ಲ, ಮನೆಯಲ್ಲಿ ಕೂತು ನೋಡಿದ್ದನ್ನು. ಮುಖ್ಯ ಸಂದರ್ಭಗಳಲ್ಲಿ ಸೋಪಿನಿಂದ ಕೈ ತೊಳೆಯುವುದು ಆರಂಭದಲ್ಲಿ ಶೇ 1ರ ಆಸುಪಾಸಿನಲ್ಲಿತ್ತು. ಆರು ತಿಂಗಳ ನಂತರ ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಶೇ 37, ನಡೆಯದ ಹಳ್ಳಿಗಳಲ್ಲಿ ಶೇ 6. ಇದು 2014ರಲ್ಲಿ ಪ್ರಕಟವಾಯಿತು. ಆರಂಭದ ಆ ಶೇ 1ನ್ನು ಯೋಚಿಸಿ. "ಕೈ ತೊಳೆಯುತ್ತೀರಾ?" ಎಂದು ಬಾಯಲ್ಲಿ ಕೇಳಿದ್ದರೆ ಯಾರು ಇಲ್ಲ ಎನ್ನುತ್ತಿದ್ದರು?

ಕೂತು ನೋಡುವುದೂ ದೋಷರಹಿತವಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಸೋಪಿನೊಳಗೆ ಚಲನೆ ಗುರುತಿಸುವ ಸಂವೇದಕವನ್ನು ಇಟ್ಟು ನೋಡಿದರು. ನೋಡುವವರು ಮನೆಯಲ್ಲಿ ಕೂತ ದಿನ ಸೋಪು ಅಲುಗಾಡಿದ್ದು ಬೇರೆ ದಿನಗಳಿಗಿಂತ ಶೇ 35 ಹೆಚ್ಚು. ಪ್ರಶ್ನೆಯ ರೂಪವೂ ಅಷ್ಟೇ ಮುಖ್ಯ. ಉತ್ತರ ಭಾರತದ ಹಳ್ಳಿಗಳಲ್ಲಿ ಶೌಚಾಲಯ ಬಳಕೆಯ ಬಗ್ಗೆ, ಮನೆಯವರೆಲ್ಲರ ಪರವಾಗಿ ಒಂದೇ ಪ್ರಶ್ನೆ ಕೇಳುವ ಬದಲು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದಾಗ, ಬಯಲಿಗೆ ಹೋಗುವವರ ಪ್ರಮಾಣ ಸುಮಾರು 20 ಶೇಕಡಾವಾರು ಅಂಶಗಳಷ್ಟು ಹೆಚ್ಚು ಕಂಡಿತು.

---

ಗಡಿಯಾಚೆ

ತಂಬಾಕಿಗೆ ಅದೃಷ್ಟವಶಾತ್ ದೇಹವೇ ಸಾಕ್ಷಿ ಹೇಳುತ್ತದೆ. ನಿಕೋಟಿನ್ ದೇಹದಲ್ಲಿ ಕೊಟಿನಿನ್ ಆಗಿ ಬದಲಾಗುತ್ತದೆ, ಮೂತ್ರದಲ್ಲಿ ಅಥವಾ ಎಂಜಲಿನಲ್ಲಿ ಪರೀಕ್ಷಿಸಬಹುದು. ಆದರೆ ಅದು ಕೊನೆಯ ಮೂರು ನಾಲ್ಕು ದಿನಗಳ ಕಥೆಯನ್ನಷ್ಟೇ ಹೇಳುತ್ತದೆ, ಮತ್ತು ನಿಕೋಟಿನ್ ಗಮ್ ಜಗಿಯುವವರಲ್ಲೂ ಕಾಣಿಸಿಕೊಳ್ಳುತ್ತದೆ. ಉಸಿರಿನ ಇಂಗಾಲದ ಮಾನಾಕ್ಸೈಡ್ ಅಳೆಯುವ ಯಂತ್ರವನ್ನು ಯಾರಾದರೂ ಸೂಚಿಸಿದರೆ ಬೇಡ ಎನ್ನಿ. ಜಗಿಯುವ ತಂಬಾಕಿನಲ್ಲಿ ಹೊಗೆಯೇ ಇಲ್ಲ, ಯಂತ್ರಕ್ಕೆ ಏನೂ ಸಿಗದು.

ಮತ್ತೊಂದು ನಿಯಮ ಕಟ್ಟುನಿಟ್ಟಾಗಿ ಪಾಲಿಸಿ. ಧೂಮಪಾನ ಬಿಟ್ಟದ್ದನ್ನು ಅಳೆಯಲು ನಾವು ಅನುಸರಿಸುವ 2005ರ ರಸೆಲ್ ಮಾನದಂಡದಲ್ಲಿ ಆರು ತಿಂಗಳು ಬಿಟ್ಟು ಉಳಿದರೇ ಎಂಬುದನ್ನು ನೋಡುತ್ತಾರೆ. ಕೊನೆಯಲ್ಲಿ ಕೈಗೆ ಸಿಗದೆ ಹೋದವರನ್ನು ಲೆಕ್ಕದಿಂದ ತೆಗೆಯುವುದಿಲ್ಲ, ಅವರು ಬಿಟ್ಟಿಲ್ಲ ಎಂದೇ ಎಣಿಸುತ್ತಾರೆ. ಸಿಕ್ಕವರನ್ನು ಮಾತ್ರ ಎಣಿಸಿದರೆ ಎಲ್ಲ ಕಾರ್ಯಕ್ರಮವೂ ಗೆದ್ದಂತೆ ಕಾಣುತ್ತದೆ.

---

ಮೊದಲ ಮಳೆ

ಎಲ್ಲವನ್ನೂ ಮತ್ತೆ ಮತ್ತೆ ಓದಿದೆ. ಮಾರ್ಗದರ್ಶಕರ ಮುಂದೆ ಇಡಲು ಹೀಗೆ ಯೋಚಿಸಿದ್ದೇನೆ. ಮಾದರಿಯ ಹೆಸರು ಅವರು ಹೇಳಿದ್ದೇ ಇರಲಿ, ಸ್ವಸಾಮರ್ಥ್ಯವನ್ನು ಸೇರಿಸುತ್ತೇನೆ. ಮೊದಲು ಹೆಂಗಸರ ಜೊತೆ ಕೂತು ಅಡ್ಡಿಗಳನ್ನು ಅವರ ಮಾತಿನಲ್ಲೇ ಸಂಗ್ರಹಿಸಿ ಹುಣಸೆ ಬೀಜದ ಮಾಪಕ ಮಾಡುತ್ತೇನೆ. ಅಪಾಯದ ಪ್ರಶ್ನೆಗೆ ಷರತ್ತು ಹಾಕುತ್ತೇನೆ. ಒಂದು ಗಂಟೆಯ ಭಾಷಣದ ಜಾಗದಲ್ಲಿ ಒಬ್ಬೊಬ್ಬರ ಜೊತೆ "ಹೀಗಾದರೆ ಹೀಗೆ" ಯೋಜನೆ. ಕೋರ್ಸಿನ ಅವಧಿಯೊಳಗೆ ಆರು ತಿಂಗಳು ಕಷ್ಟ, ಮೂರು ತಿಂಗಳ ಕೊನೆಯಲ್ಲಿ ಕೊಟಿನಿನ್ ಪರೀಕ್ಷಾ ಪಟ್ಟಿಯಿಂದ (ಸ್ಟ್ರಿಪ್) ಪರೀಕ್ಷಿಸುತ್ತೇನೆ. ಹೋಲಿಕೆಗೆ ಪಕ್ಕದ ಊರಿನ ಒಂದು ಗುಂಪು, ಅಧ್ಯಯನ ಮುಗಿದ ಮೇಲೆ ಅವರಿಗೂ ಇದೇ ನೆರವು. ಮುಖ್ಯ ಫಲಿತಾಂಶ ಎಷ್ಟು ಜನ ಬಿಟ್ಟರು ಎಂಬುದು, ನಂಬಿಕೆಯ ಅಂಕ ಅದರ ನಂತರ.

ಒಂದೇ ಭಯ, ಬಿಟ್ಟವರ ಸಂಖ್ಯೆ ತೀರಾ ಕಡಿಮೆ ಬಂದರೆ ಪ್ರಬಂಧ ಒಪ್ಪುತ್ತಾರೆಯೇ?

---

ಅಳತೆಗೋಲು

ಮುಖ್ಯ ಫಲಿತಾಂಶ ಯಾವುದು ಎಂಬುದನ್ನು ಆರಂಭಿಸುವ ಮೊದಲೇ ನೈತಿಕ ಸಮಿತಿಗೆ ಬರೆದು ಕೊಡಿ, ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲೂ ದಾಖಲಿಸಿ. ಆಮೇಲೆ ಸಂಖ್ಯೆ ಕಡಿಮೆ ಬಂದರೂ ಅದು ಅಡಗಿಸಬೇಕಾದ ಸೋಲಾಗುವುದಿಲ್ಲ. ಸ್ವಸಾಮರ್ಥ್ಯ ಏರಿಯೂ ತಂಬಾಕು ಬಿಡದಿದ್ದರೆ ತೊಡಕು ಅವಕಾಶದಲ್ಲಿದೆ ಎಂದು ತೋರುತ್ತದೆ, ಬೆಲೆಪಟ್ಟಿಯವರ ವಾದಕ್ಕೆ ಆಧಾರ ಸಿಗುತ್ತದೆ. ಸ್ವಸಾಮರ್ಥ್ಯವೇ ಏರದಿದ್ದರೆ ನಿಮ್ಮ ನೆರವಿನ ವಿಧಾನವನ್ನು ತಿದ್ದಬೇಕು. ಈ ಎರಡನ್ನೂ ಬೇರ್ಪಡಿಸಿ ನೋಡಲು ಸಾಧ್ಯವಾಗುವುದಕ್ಕೇ ಸಿದ್ಧಾಂತ ಬೇಕಾಗಿರುವುದು.

---

ಹೊಲದ ಬದು

ತಂಗಿ, ಎರಡು ಮಾತು. ನಾಟಿ ಮುಗಿದ ಮೇಲೆ ಹೆಂಗಸರು ಬೇರೆ ಊರಿಗೆ ಕೂಲಿಗೆ ಹೋಗುತ್ತಾರೆ, ಮೂರು ತಿಂಗಳ ಕೊನೆ ಯಾವ ಕೆಲಸದ ಕಾಲಕ್ಕೆ ಬೀಳುತ್ತದೆ ಎಂದು ಮೊದಲೇ ನೋಡಿಕೋ, ಇಲ್ಲದಿದ್ದರೆ ಅರ್ಧ ಜನ ಸಿಗುವುದಿಲ್ಲ. ಎಂಜಲಿನ ಪರೀಕ್ಷೆಯನ್ನೇ ಆರಿಸು, ಮೂತ್ರ ಕೇಳಿದರೆ ಗರ್ಭಿಣಿ ಪರೀಕ್ಷೆ ಎಂದುಕೊಂಡು ಊರಲ್ಲಿ ಇಲ್ಲದ ಮಾತು ಹುಟ್ಟುತ್ತದೆ. ಫಲಿತಾಂಶವನ್ನು ಅವರ ಮನೆಯವರ ಮುಂದಾಗಲಿ ಮೇಸ್ತ್ರಿಯ ಮುಂದಾಗಲಿ ಹೇಳುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡು. ನಿಮ್ಮ ಊರುಗಳ ಆಶಾ ಕಾರ್ಯಕರ್ತೆಯರನ್ನು ಪರಿಚಯಿಸಬೇಕಿದ್ದರೆ ತಿಳಿಸು, ಮಾತನಾಡಿ ಕೊಡುತ್ತೇನೆ.